ಬಣ್ಣ ಬರಲಿಲ್ಲ ಅಂದರೆ ಲೋಹ ಇಲ್ಲ ಅಂತಲ್ಲ

"ಫಿನಾಂತ್ರೊಲಿನ್ ಹಾಕಿದೆ, ನೀರು ಕೆಂಪಾಗಲೇ ಇಲ್ಲ. ಹಾಗಾದರೆ ಕಬ್ಬಿಣ ಇಲ್ಲ ಅಲ್ವಾ?" ಲ್ಯಾಬಿಗೆ ಹೊಸದಾಗಿ ಬಂದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಫಿನಾಂತ್ರೊಲಿನ್ ಅಂದರೆ ನೀರಿನಲ್ಲಿರುವ ಕಬ್ಬಿಣವನ್ನು ಬಣ್ಣದಿಂದ ತೋರಿಸುವ ಸೆನ್ಸರ್ ಅಣು. ಆಗ ನಾನು ಅದೇ ಟ್ಯೂಬಿಗೆ ಚಿಟಿಕೆ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ) ಹಾಕಿ ಅಲ್ಲಾಡಿಸಿ ಕೊಡುತ್ತೇನೆ. ಸ್ವಲ್ಪ ಹೊತ್ತಿಗೆ ಕಿತ್ತಳೆಗೆಂಪು ಬಣ್ಣ ಏಳುತ್ತದೆ. ಕಬ್ಬಿಣ ಮೊದಲಿಂದಲೂ ಅಲ್ಲೇ ಇತ್ತು, ಫೆರಿಕ್ ರೂಪದಲ್ಲಿ, ಅಂದರೆ ಮೂರು ಎಲೆಕ್ಟ್ರಾನು ಕಳೆದುಕೊಂಡ ರೂಪದಲ್ಲಿ. ಫಿನಾಂತ್ರೊಲಿನ್ ಈ ಬಣ್ಣ ಕೊಡುವುದು ಎರಡೇ ಎಲೆಕ್ಟ್ರಾನು ಕಳೆದುಕೊಂಡ ಫೆರಸ್ ಕಬ್ಬಿಣ ಸಿಕ್ಕಾಗ ಮಾತ್ರ. ಆಸ್ಕಾರ್ಬಿಕ್ ಆಮ್ಲ ಫೆರಿಕ್ಕನ್ನು ಫೆರಸ್ ಮಾಡಿತು, ಅಷ್ಟೇ.

ಇಂಥ ಸೆನ್ಸರ್ ಅಣು ಎರಡು ಕೆಲಸ ಮಾಡಬೇಕು: ಲೋಹದ ಅಯಾನನ್ನು ಹಿಡಿಯಬೇಕು, ಹಿಡಿದದ್ದನ್ನು ತೋರಿಸಬೇಕು. ಲೋಹ ಬಂದು ಕೂತಾಗ ಅಣುವಿನೊಳಗಿನ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗುತ್ತದೆ. ಅದು ಹೀರುವ ಬೆಳಕೂ ಬದಲಾಗುತ್ತದೆ. ಕೆಲವು ಅಣುಗಳ ಆಕಾರವೇ ಬದಲಾಗುವುದುಂಟು. ರೋಡಮೈನ್ ಬಣ್ಣದ ಅಣುವಿನ ಒಂದು ಉಂಗುರವನ್ನು ಮುಚ್ಚಿಟ್ಟರೆ ಅದು ಬಣ್ಣವಿಲ್ಲದೆ ಇರುತ್ತದೆ. ತಾಮ್ರ ಬಂದು ಆ ಉಂಗುರವನ್ನು ಬಿಚ್ಚಿತು ಅಂದರೆ ಗಾಢ ಗುಲಾಬಿ. ಆಂಥೊನಿ ಝಾರ್ನಿಕ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ತೋರಿಸಿದರು. ಅಲ್ಲಿಂದ ಇದೇ ದಾರಿಯಲ್ಲಿ ಎಷ್ಟೋ ಸೆನ್ಸರ್‌ಗಳು ಬಂದವು. ನನಗೆ ಇವತ್ತಿಗೂ ಬಲು ಇಷ್ಟವಾದ ಉಪಾಯ ಇದು.

ಆದರೆ ಬಣ್ಣ ಕಣ್ಣಿಗೆ ಕಾಣಬೇಕಾದರೆ ಬಣ್ಣದ ಅಣುಗಳು ಸಾಕಷ್ಟು ಇರಬೇಕು. ಸ್ವಲ್ಪ ಲೆಕ್ಕ ಹಾಕೋಣ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ತಾಮ್ರಕ್ಕೆ ಲೀಟರಿಗೆ 2 ಮಿಲಿಗ್ರಾಂ, ಸೀಸಕ್ಕೆ ಬರೀ 10 ಮೈಕ್ರೋಗ್ರಾಂ. ಸೀಸದ ಪರಮಾಣು ತಾಮ್ರದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಹಾಗಾಗಿ ಎಣಿಕೆಯಲ್ಲಿ ನೋಡಿದರೆ ಅಂತರ ಸುಮಾರು 650 ಪಟ್ಟು: ತಾಮ್ರ 31 ಮೈಕ್ರೋಮೋಲಾರ್ (ಲೀಟರಿನಲ್ಲಿ ಎಷ್ಟು ಪರಮಾಣುಗಳಿವೆ ಎಂದು ಹೇಳುವ ಅಳತೆ), ಸೀಸ 0.05 ಕೂಡ ಇಲ್ಲ. ಮಿತಿ ದಾಟಿದ ತಾಮ್ರವನ್ನು ಒಳ್ಳೆಯ ಸೆನ್ಸರ್ ಬರಿಗಣ್ಣಿಗೇ ತೋರಿಸಬಲ್ಲದು. ಸೀಸ ಹಾಗಲ್ಲ. ತುಂಬಾ ಗಾಢವಾದ ಬಣ್ಣ ಕೊಡುವ ಅಣುವನ್ನೇ ಬಳಸಿದರೂ, ಒಂದು ಸೆಂಟಿಮೀಟರ್ ದಪ್ಪದ ನೀರಿನಲ್ಲಿ ಅಷ್ಟು ಸೀಸ ಮೂಡಿಸುವ ಬಣ್ಣ ಯಾರ ಕಣ್ಣಿಗೂ ಕಾಣದು. ನೀರು ಸ್ವಚ್ಛವಾಗಿಯೇ ಕಾಣುತ್ತದೆ. ನನ್ನ ಚಿಂತೆ ಇರುವುದು ಇಲ್ಲೇ.

ಹಾಗಾಗಿ ಸೀಸವನ್ನು ಮೊದಲು ಒಟ್ಟುಗೂಡಿಸಬೇಕು, ಇಲ್ಲವೇ ಇನ್ನೂ ಹೆಚ್ಚು ಬೆಳಕು ಹೀರುವ ವಸ್ತು ಬಳಸಬೇಕು. ಡೈಥಿಜೋನ್ ಎಂಬ ಬಣ್ಣದ ಅಣು ಹಳೆಯ ದಾರಿ: ಜಾಸ್ತಿ ನೀರಿನಲ್ಲಿರುವ ಸೀಸವನ್ನು ಸ್ವಲ್ಪವೇ ಸ್ವಲ್ಪ ಕ್ಲೋರೋಫಾರ್ಮಿನೊಳಕ್ಕೆ ಎಳೆದುಕೊಂಡು ಹಸಿರಿನಿಂದ ಕೆಂಪಾಗುತ್ತದೆ. ಹೊಸ ದಾರಿ ಚಿನ್ನದ ನ್ಯಾನೋ ಕಣಗಳದ್ದು. 13 ನ್ಯಾನೋಮೀಟರ್ ಗಾತ್ರದ ಬಿಡಿ ಕಣಗಳು ಕೆಂಪು, ಒಂದಕ್ಕೊಂದು ಅಂಟಿದರೆ ನೀಲಿ. ಸೀಸವನ್ನು ಹಿಡಿಯುವಂತೆ ಸಿದ್ಧಮಾಡಿದ ಕಣಗಳನ್ನು ಸೀಸ ಹೀಗೆ ಅಂಟಿಸುತ್ತದೆ. ಒಂದೊಂದು ಕಣವೂ ಸಾಮಾನ್ಯ ಬಣ್ಣದ ಅಣುವಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬೆಳಕು ಹೀರುತ್ತದೆ. ಆದರೆ ನೀರಿನಲ್ಲಿ ಉಪ್ಪು ಜಾಸ್ತಿ ಇದ್ದರೂ ಇವು ಅಂಟಿಕೊಳ್ಳುತ್ತವೆ. ಆಗ ಲೋಹ ಇಲ್ಲದೆಯೂ ನೀಲಿ ಬರುತ್ತದೆ.

ಇನ್ನೊಂದು ತೊಡಕು ತಾಮ್ರದ್ದು. ಅದು ಬಹಳಷ್ಟು ಸೆನ್ಸರ್‌ಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇರೆ ಲೋಹಕ್ಕೆ ಜಾಗವೇ ಬಿಡುವುದಿಲ್ಲ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಸ್ವಲ್ಪ ಆಚೀಚೆ ಆದರೂ ಸೆನ್ಸರ್ ಸುಮ್ನೆ ಕೂತುಬಿಡಬಹುದು.

ಅದಕ್ಕೇ ಬಣ್ಣ ಬಾರದ ಪ್ರತಿ ನೀರಿಗೂ ನಾವು ಇನ್ನೊಂದು ಟ್ಯೂಬ್ ಇಡುತ್ತೇವೆ. ಅದೇ ನೀರು, ಅದೇ ಸೆನ್ಸರ್, ಜೊತೆಗೆ ಗೊತ್ತಿರುವಷ್ಟು ಲೋಹ. ಅದರಲ್ಲಿ ಬಣ್ಣ ಬಂದರೆ ಮೊದಲ ಟ್ಯೂಬಿನ ಮಾತನ್ನು ನಂಬುತ್ತೇವೆ. ಆಗಲೂ ವರದಿಯಲ್ಲಿ "ಇಲ್ಲ" ಎಂದು ಬರೆಯುವುದಿಲ್ಲ, "ಇಷ್ಟಕ್ಕಿಂತ ಕಡಿಮೆ" ಎಂದು ಬರೆಯುತ್ತೇವೆ. ಎರಡನೆಯದರಲ್ಲೂ ಬಣ್ಣ ಬರದಿದ್ದರೆ ಆ ಸೆನ್ಸರ್ ಆ ನೀರಿಗೆ ಆಗಿಬರುವುದಿಲ್ಲ. ಆಗ ಬೇರೆ ವಿಧಾನಕ್ಕೆ ಕೈ ಹಾಕುತ್ತೇವೆ.