ದನಿ ಚೆನ್ನಾಗಿದೆ ಅಂದ್ರೆ ಸ್ವರತಂತು ಸರಿ ಇದೆ ಅಂತ ಅಲ್ಲ

ಪ್ರಶ್ನೆ: ಅಮ್ಮಂಗೆ ಥೈರಾಯ್ಡ್ ಆಪರೇಷನ್ ಆಗಿ 2 ತಿಂಗಳಾಯ್ತು. ದನಿ ಚೆನ್ನಾಗೇ ಇದೆ, ಆದ್ರೆ ಮೆಟ್ಟಿಲು ಹತ್ತಿದ್ರೆ ಏದುಸಿರು, ಮಲಗಿದ್ರೆ ಗಂಟಲಲ್ಲಿ ಸದ್ದು. ಇನ್‌ಹೇಲರ್ ತಗೊಂಡ್ರೂ ಕಮ್ಮಿ ಆಗಿಲ್ಲ. ಆಸ್ತಮಾನಾ?

ಇದನ್ನೇ ಎಷ್ಟು ಜನ ಕೇಳಿದ್ದೀರ, ಒಬ್ರಿಗೆ ಅಮ್ಮ, ಇನ್ನೊಬ್ರಿಗೆ ಅತ್ತೆ, ಅಷ್ಟೇ ವ್ಯತ್ಯಾಸ. ಇನ್‌ಹೇಲರ್ ಬದಲಾಯಿಸ್ತಾ ಕೂರ್ಬೇಡಿ, ಈ ವಾರನೇ ಇಎನ್‌ಟಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಬಿಟ್ಟು ಸ್ವರತಂತು ನೋಡ್ತಾರೆ, ಕೆಲವೇ ನಿಮಿಷದ ಕೆಲಸ.

ಆಗ ಮನೇಲಿ ಒಬ್ರು ಹೇಳೇ ಹೇಳ್ತಾರೆ, "ದನಿ ಗಂಟೆ ಹೊಡ್ದಂಗಿದೆ, ಸ್ವರತಂತುಗೆ ಏನಾಗಿರುತ್ತೆ?" ಅಂತ. ದಯವಿಟ್ಟು ಈ ಮಾತು ನಂಬ್ಬೇಡಿ. ಸ್ವರತಂತುಗೆ ಎರಡು ಕೆಲಸ: ಮಾತಾಡುವಾಗ ಒಂದಕ್ಕೊಂದು ಸೇರ್ಬೇಕು, ಉಸಿರೆಳ್ಕೊಳ್ಳುವಾಗ ಜೋಡಿ ಬಾಗಿಲ ಥರ ಎರಡೂ ಕಡೆ ತೆರ್ಕೋಬೇಕು. ಇವನ್ನ ಆಡಿಸೋ ನರಗಳು ಥೈರಾಯ್ಡ್ ಹಿಂದೇನೇ ಹೋಗ್ತವೆ, ಎಡಕ್ಕೊಂದು ಬಲಕ್ಕೊಂದು. ಒಂದಕ್ಕೆ ಪೆಟ್ಟಾದ್ರೆ ಸಾಮಾನ್ಯವಾಗಿ ದನಿ ಒಡೆಯುತ್ತೆ, ಉಸಿರಾಟ ಹೆಚ್ಚಾಗಿ ನಡ್ಕೊಂಡು ಹೋಗುತ್ತೆ, ಎಲ್ರಿಗೂ ಗೊತ್ತಿರೋದು ಇದೊಂದೇ. ಎರಡಕ್ಕೂ ಪೆಟ್ಟಾದ್ರೆ ಎರಡೂ ತಂತು ಮಧ್ಯಕ್ಕೆ ಬಂದು ಹತ್ತಿರ ಹತ್ತಿರ ನಿಂತ್ಬಿಡಬಹುದು, ಹತ್ತಿರ ಇರೋದ್ರಿಂದಲೇ ದನಿ ಚೆನ್ನಾಗಿ ಬರುತ್ತೆ, ಆದ್ರೆ ಉಸಿರೆಳ್ಕೊಳ್ಳೋಕೆ ಸಣ್ಣ ಸಂದಿ ಮಾತ್ರ ಉಳಿಯುತ್ತೆ. ಅಂದ್ರೆ ದನಿ ಒಡೆದವ್ರಿಗಿಂತ ದನಿ ಚೆನ್ನಾಗಿರೋವ್ರಿಗೇ ಅಪಾಯ ಜಾಸ್ತಿ ಇರ್ಬಹುದು!

ಮನೇಲೇ ಒಂದು ವಿಷ್ಯ ಗಮನಿಸಿ. ಅಮ್ಮ ನಾಲ್ಕು ಮೆಟ್ಟಿಲು ಹತ್ತಿ ನಿಂತಾಗ ಪಕ್ಕದಲ್ಲಿ ನಿಂತು ಕೇಳಿಸ್ಕೊಳ್ಳಿ, ಸದ್ದು ಉಸಿರು ಒಳಗೆ ಎಳ್ಕೊಳ್ಳುವಾಗ ಬರುತ್ತಾ, ಹೊರಗೆ ಬಿಡುವಾಗ ಬರುತ್ತಾ? ಆಸ್ತಮಾದ ಸುಂಯ್ ಸದ್ದು ಎದೆಯಿಂದ, ಹೆಚ್ಚಾಗಿ ಹೊರಗೆ ಬಿಡುವಾಗ. ಸ್ವರತಂತುದು ಗಂಟಲಿಂದ, ಒಳಗೆ ಎಳೆಯುವಾಗ. ಇದನ್ನ ಡಾಕ್ಟ್ರಿಗೆ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಇನ್ನೂ ಒಳ್ಳೇದು. ಸುಮ್ನೆ ಕೂತಾಗ್ಲೂ ಸದ್ದು ಬಂದು, ಉಸಿರೆಳೆದಾಗ ಕತ್ತಿನ ಕುಳಿ ಒಳಗೆ ಹೋಗ್ತಿದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ನರ ತಾನಾಗೇ ಚೇತರಿಸ್ಕೊಳ್ಳೋಕೆ 6 ತಿಂಗಳಿಂದ 1 ವರ್ಷದವರೆಗೆ ಕಾಯೋದುಂಟು, ಅಷ್ಟರಲ್ಲಿ ಉಸಿರು ಸಾಲದಿದ್ರೆ ಕತ್ತಲ್ಲಿ ಟ್ಯೂಬ್ ಹಾಕ್ತಾರೆ. ಚೇತರಿಸದಿದ್ರೆ ಲೇಸರಲ್ಲಿ ಒಂದು ತಂತುವಿನ ಹಿಂಭಾಗ ಕತ್ತರಿಸಿ ದಾರಿ ಅಗಲ ಮಾಡ್ಬಹುದು, ಆಗ ದನಿ ಸ್ವಲ್ಪ ಇಳಿಯುತ್ತೆ. ಒಪ್ಕೊಳ್ಳೋ ಮುಂಚೆ ದನಿ ಎಷ್ಟು ಹೋಗುತ್ತೆ, ಉಸಿರು ಎಷ್ಟು ಸಿಗುತ್ತೆ ಅಂತ ಕೂತು ಕೇಳಿ.

ಯಾರೂ ಕೇಳ್ದೇ ಇರೋದೂ ಒಂದಿದೆ. ಎಡಗಡೆ ನರ ಸೀದಾ ಗಂಟಲಿಗೆ ಬರಲ್ಲ, ಎದೆಯೊಳಗಿಳಿದು ಮಹಾಪಧಮನಿ (ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ) ಸುತ್ತಿ ಮತ್ತೆ ಮೇಲೆ ಬರುತ್ತೆ. ಅದಕ್ಕೇ ಶ್ವಾಸಕೋಶದ ಗಡ್ಡೆಗೂ ದನಿ ಒಡೆಯೋದುಂಟು. ಕತ್ತಿನ ಆಪರೇಷನ್ ಏನೂ ಆಗಿಲ್ಲ, ಬೀಡಿ ಸಿಗರೇಟ್ ಅಭ್ಯಾಸ ಇದೆ, ದನಿ ಒಡೆದು 3 ವಾರ ದಾಟಿದೆ ಅಂದ್ರೆ ಕಷಾಯ ಕುಡ್ಕೊಂಡು ಕೂರ್ಬೇಡಿ, ಅವ್ರೂ ಇಎನ್‌ಟಿಗೇ ತೋರಿಸ್ಬೇಕು.