ಹೊಸ ರಿಂಗು, ಹಳೇ ಬೋರು

ಮಳೆಗಾಲ ಹಿಡಿದ ಮೇಲೆ ಕುಮಟಾದ ನನ್ನ ಲೇತ್ ಅಂಗಡಿಗೆ ಒಂದು ಬಗೆಯ ಗಿರಾಕಿಗಳು ಬರುತ್ತಾರೆ. ತೋಟದ ಕೆಲಸ ನಿಂತಿರುತ್ತದೆ, ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಕಾರು, ಮೊಬೈಲಿನಲ್ಲಿ ನಾಲ್ಕು ವಿಡಿಯೋ. ಎಂಜಿನ್ ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿಕೊಂಡು ಬಂದಿರುತ್ತಾರೆ. "ಹೊಸ ರಿಂಗ್ ಹಾಕಿದೆ ಅಣ್ಣಾ, ಹೊಗೆ ಮೊದಲಿಗಿಂತ ಜಾಸ್ತಿ." ರಿಂಗು ಅಂದರೆ ಪಿಸ್ಟನ್ನಿನ ಸುತ್ತ ಕೂರುವ, ಒಂದು ಕಡೆ ಬಾಯಿ ಬಿಟ್ಟ ಬಳೆ; ಪಿಸ್ಟನ್ ಓಡಾಡುವ ಕೊಳವೆಯೇ ಬೋರು. ನಾನು ಕೇಳುವುದು ಒಂದೇ: "ಬೋರು ಅಳೆದ್ಯಾ ತಮಾ?"

ಅಳೆದಿರುವುದಿಲ್ಲ. ಬೆರಳಲ್ಲಿ ಸವರಿ ನೋಡಿರುತ್ತಾರೆ. "ಕನ್ನಡಿ ಹಾಂಗೆ ಹೊಳೀತದೆ" ಅನ್ನುತ್ತಾರೆ. ತೊಂದರೆ ಇರುವುದೇ ಆ ಹೊಳಪಿನಲ್ಲಿ.

ಮನೆಯಲ್ಲಿ ಎಂಜಿನ್ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಹೋದ ವರ್ಷ ಶಿರಸಿ ಕಡೆಯ ಹುಡುಗನೊಬ್ಬ ಮಾರುತಿ 800ರ ಬ್ಲಾಕ್, ಅಂದರೆ ಬೋರುಗಳಿರುವ ಎಂಜಿನ್ನಿನ ದೊಡ್ಡ ತುಂಡು, ತಂದಿದ್ದ. ಬಿಚ್ಚಿದ ಸಾಮಾನನ್ನೆಲ್ಲ ಅಡಿಕೆ ಹಾಳೆಯ ತಟ್ಟೆಗಳಲ್ಲಿ ಇಟ್ಟು ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದನಂತೆ, ಫೋಟೋ ತೋರಿಸಿದ. ಬೇರಿಂಗ್ ಕ್ಯಾಪುಗಳು ಅದರದರ ಜಾಗಕ್ಕೇ ಹೋಗಿದ್ದವು, ಬೋಲ್ಟುಗಳನ್ನು ಟಾರ್ಕ್ ರೆಂಚಿನಲ್ಲೇ ಬಿಗಿದಿದ್ದ. ನನ್ನ ಅಂಗಡಿಯ ಹುಡುಗರಿಗೂ ಇಷ್ಟು ಶಿಸ್ತಿಲ್ಲ. ಆದರೆ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಬೋರಿಗೆ ಸುಮ್ನೆ ಹೊಸ ಸ್ಟ್ಯಾಂಡರ್ಡ್ (ಮೂಲ ಅಳತೆಯ) ರಿಂಗ್ ತೊಡಿಸಿದ್ದ. ಇನ್ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಟಿಕ್ ಟಿಕ್ ಶುರು. ಬಿಚ್ಚಿದರೆ ಎರಡನೇ ಪಿಸ್ಟನ್ನಿನ ಮೇಲಿನ ರಿಂಗು ಮೂರು ತುಂಡು.

ಯಾಕೆ? ಇದನ್ನು ನಾನು ವಾರಕ್ಕೊಮ್ಮೆ ಹೇಳುತ್ತೇನೆ, ಇಲ್ಲಿ ಬರೆದೇ ಬಿಡುತ್ತೇನೆ. ಬೋರು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ಮೇಲಕ್ಕೆ ಬಂದು ತಿರುಗುವಾಗ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿ ಬೆಂಕಿ, ಬಿಸಿ, ಒತ್ತಡ ಎಲ್ಲ ಜಾಸ್ತಿ. ಉರಿದ ಗ್ಯಾಸು ರಿಂಗಿನ ಬೆನ್ನಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ, ಆಯಿಲ್ ಪೊರೆ ತೆಳ್ಳಗಾಗಿರುತ್ತದೆ. ಹಾಗಾಗಿ ಮೇಲ್ಭಾಗ ಜಾಸ್ತಿ ಸವೆಯುತ್ತದೆ, ಕೆಳಗೆ ಕಡಿಮೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕ ಇನ್ನೂ ಜಾಸ್ತಿ. ನಮ್ಮ ಕೆಂಪು ಮಣ್ಣಿನ ಧೂಳು ಹರಿದ ಏರ್ ಫಿಲ್ಟರಿನಿಂದ ಒಳಗೆ ಹೋಗಿದ್ದರಂತೂ ಕೇಳುವುದೇ ಬೇಡ. ಆದರೆ ರಿಂಗು ಮುಟ್ಟದ ತುದಿಯಲ್ಲಿ ಬೋರು ಸವೆಯದೆ ಹಾಗೇ ಉಳಿಯುತ್ತದೆ. ಅಲ್ಲಿ ಉಗುರಿಗೆ ಸಿಗುವ ಒಂದು ಮೆಟ್ಟಿಲು. ಹಳೇ ರಿಂಗು ಅದರ ಜೊತೆಗೇ ಸವೆದಿರುತ್ತದೆ, ತಾಗುವುದಿಲ್ಲ. ಹೊಸ ರಿಂಗಿನ ಅಂಚು ಚೂಪು. ಹೋಗಿ ಆ ಮೆಟ್ಟಿಲಿಗೆ ಬಡಿಯುತ್ತದೆ. ಆ ಹುಡುಗ ಕೇಳಿದ ಟಿಕ್ ಟಿಕ್ ಅದೇ.

ಇನ್ನು ಅಳೆಯುವುದು. ಬೋರ್ ಗೇಜ್ ಇಲ್ಲದಿದ್ದರೂ ಒಂದು ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು, ಸಾಕು. ಹೊಸ ರಿಂಗನ್ನು ಪಿಸ್ಟನ್ನಿಗೆ ಹಾಕಬೇಡಿ, ಬರೀ ರಿಂಗನ್ನೇ ಬೋರಿನೊಳಗೆ ಇಡಿ. ಪಿಸ್ಟನ್ ತಲೆಕೆಳಗು ಮಾಡಿ ಅದರಿಂದಲೇ ತಳ್ಳಿ, ಆಗ ರಿಂಗು ಓರೆಯಾಗದೆ ನೆಟ್ಟಗೆ ಕೂರುತ್ತದೆ. ಮೊದಲು ಬೋರಿನ ಬುಡದಲ್ಲಿ, ರಿಂಗು ಓಡಾಡದ ಜಾಗದಲ್ಲಿ, ರಿಂಗಿನ ಎರಡು ತುದಿಗಳ ನಡುವೆ ಬಾಯಿ ಎಷ್ಟು ಬಿಟ್ಟಿದೆ ಅಂತ ಅಳೆಯಿರಿ. ಆಮೇಲೆ ಮೇಲೆ, ಮೆಟ್ಟಿಲಿನ ಸ್ವಲ್ಪ ಕೆಳಗೆ. ಕೆಳಗೆ 0.25 ಮಿ.ಮೀ., ಮೇಲೆ 0.70 ಬಂತು ಅಂದುಕೊಳ್ಳಿ. ವ್ಯತ್ಯಾಸ 0.45. ಅದನ್ನು 3.14ರಿಂದ ಭಾಗಿಸಿ. ಸುಮಾರು 0.14 ಬರುತ್ತದೆ. ನಿಮ್ಮ ಬೋರು ಮೇಲೆ ಅಷ್ಟು ಅಗಲವಾಗಿದೆ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕವೇ ಇದು, ಬೇರೆ ಏನಲ್ಲ. 68.5 ಮಿ.ಮೀ. ಬೋರಿನ ಮಾರುತಿಗೆ 0.10 ದಾಟಿದರೆ ನಾನು ಬರೀ ರಿಂಗ್ ಹಾಕುವುದಿಲ್ಲ, ಬೋರ್ ಮಾಡಿಸಿ, ಅಂದರೆ ಕೊರೆಸಿ ದೊಡ್ಡದು ಮಾಡಿಸಿ, ಅನ್ನುತ್ತೇನೆ. ಅಂಬಾಸಿಡರ್, ಪದ್ಮಿನಿ ಇದ್ದವರು ತಮ್ಮ ಗಾಡಿಯ ಮ್ಯಾನುಯಲ್ ನೋಡಲಿ. ಒಂದು ಮಾತು: ಈ ಲೆಕ್ಕದಲ್ಲಿ ಬೋರು ಮೊಟ್ಟೆ ಆಕಾರಕ್ಕೆ ತಿರುಗಿದ್ದು ಗೊತ್ತಾಗುವುದಿಲ್ಲ. ಅನುಮಾನ ಇದ್ದರೆ ಬ್ಲಾಕ್ ತನ್ನಿ, ಅಳೆದು ಕೊಡುವುದಕ್ಕೆ ನಾನು ದುಡ್ಡು ಕೇಳುವುದಿಲ್ಲ.

ಹೊಗೆ ಕಂಡ ಕೂಡಲೇ ರಿಂಗಿನ ಮೇಲೆ ತಪ್ಪು ಹೊರಿಸಲೂಬೇಡಿ. ದೇವಿಮನೆ ಘಟ್ಟ ಇಳಿಯುತ್ತ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಬಂದು, ಕತಗಾಲದ ಹತ್ತಿರ ಒತ್ತಿದಾಗ ಹಿಂದೆ ಒಂದು ನೀಲಿ ಹೊಗೆ ಬುಸ್ ಅಂದು ನಿಂತುಹೋದರೆ, ಹೆಚ್ಚಾಗಿ ಅದು ವಾಲ್ವ್ ಸೀಲು, ಅಂದರೆ ವಾಲ್ವಿನ ಕಡೆಯಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ಸೀಲು. ಹತ್ತುವಾಗ ಲೋಡಿನಲ್ಲಿ ಬಿಡದೆ ಬರುವುದು ರಿಂಗಿನ ಹೊಗೆ. ಸೀಲಿಗಾದರೆ ಎಂಜಿನ್ ಪೂರ್ತಿ ಇಳಿಸುವ ಕೆಲಸವೇ ಇಲ್ಲ.

ಸವೆತ ಕಡಿಮೆ ಇದ್ದು ಹೊಸ ರಿಂಗ್ ಸಾಕು ಅಂತಾದರೂ ಮೆಟ್ಟಿಲು ತೆಗೆಸಬೇಕು, ಹೋನಿಂಗ್ (ಸಾಣೆಕಲ್ಲಿನಲ್ಲಿ ಬೋರಿನ ಗೋಡೆ ಉಜ್ಜುವುದು) ಮಾಡಿಸಬೇಕು. ರುಬ್ಬುವ ಕಲ್ಲು ನುಣುಪಾದರೆ ಹಿಟ್ಟು ನುಣ್ಣಗೆ ಬರುವುದಿಲ್ಲ, ಕಲ್ಲು ಕುಟ್ಟಿಸುತ್ತಾರೆ ಅಲ್ವಾ? ಬೋರಿಗೂ ಹಾಗೇ. ಕನ್ನಡಿಯಂಥ ಗೋಡೆಯಲ್ಲಿ ಆಯಿಲ್ ನಿಲ್ಲುವುದಿಲ್ಲ, ಹೊಸ ರಿಂಗು ಹದಕ್ಕೆ ಬರುವುದಿಲ್ಲ. ಅಡ್ಡಡ್ಡ ಸಣ್ಣ ಗೀರು ಬೇಕು. ಹೋನಿಂಗ್ ಆದ ಮೇಲೆ ಪೆಟ್ರೋಲಿನಲ್ಲಿ ಒರೆಸಿದರೆ ಆಗುವುದಿಲ್ಲ, ಕಲ್ಲಿನ ಪುಡಿ ಗೀರಿನೊಳಗೇ ಕೂರುತ್ತದೆ. ಬಿಸಿನೀರು, ಸೋಪು, ಬ್ರಷ್. ಆಮೇಲೆ ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸುತ್ತ ಹೋಗಿ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೆ ತೊಳೆಯಿರಿ. ಮುಗಿದ ತಕ್ಷಣ ಎಣ್ಣೆ ಸವರಿ. ನಮ್ಮ ಕರಾವಳಿಯ ಜೂನ್ ಗಾಳಿಗೆ, ನೀವು ಚಾ ಕುಡಿದು ಬರುವಷ್ಟರಲ್ಲಿ ಬೋರು ತುಕ್ಕು ಹಿಡಿದು ಕಂದಾಗಿರುತ್ತದೆ.

ಅಳೆಯುವ ಮೊದಲೇ ಪಿಸ್ಟನ್ ತರಿಸುವವರೂ ಇದ್ದಾರೆ. ಅಗ್ಗಕ್ಕೆ ಸಿಕ್ಕಿತು ಅಂತ 0.25 ಓವರ್‌ಸೈಜ್ (ಮೂಲ ಅಳತೆಗಿಂತ 0.25 ಮಿ.ಮೀ. ದೊಡ್ಡದು) ತರಿಸಿರುತ್ತಾರೆ, ಇಲ್ಲಿ ಬೋರು 0.50 ಕೇಳುತ್ತಿರುತ್ತದೆ. ಮೊದಲು ಅಳತೆ. ಆಮೇಲೆ ಪಿಸ್ಟನ್. ಆ ಪಿಸ್ಟನ್ ನನ್ನ ಕೈಗೆ ಕೊಟ್ಟ ಮೇಲೆ, ಅದರ ಅಳತೆಗೆ ಬೋರು. ಡಬ್ಬಿಯ ಮೇಲೆ ಬರೆದ ನಂಬರ್ ನೋಡಿ ನಾನು ಮಶೀನ್ ಹಚ್ಚುವುದಿಲ್ಲ.

ಆ ಹುಡುಗನ ಬ್ಲಾಕಿಗೆ ಕೊನೆಗೆ 0.50ಕ್ಕೇ ಬೋರ್ ಆಯಿತು. ಪಿಸ್ಟನ್ ಬರುವುದು ತಡವಾಗಿ ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ಅವನ ಆಯಿ ಫೋನ್ ಮಾಡಿದರು. ಕಾರಿನ ವಿಷಯ ಕೇಳಲಿಲ್ಲ. "ಅಡಿಕೆ ಕೊನೆ ಕೊಯ್ಲು ಹತ್ರ ಬಂತು. ಅಂಗಳ ಯಾವಾಗ ಖಾಲಿ ಆಗ್ತದೆ, ಅದೊಂದು ಹೇಳಿ" ಅಂದರು.