ತಾಮ್ರದ ತಗಡಿನಲ್ಲಿ ಉಳಿದ ಸೀಸರ್

ಸೀಸರನ ಹಳೆಯ ಕೆತ್ತನೆ ಚಿತ್ರವನ್ನು, ಅಂದರೆ ತಾಮ್ರದ ತಗಡಿನಲ್ಲಿ ಕೆತ್ತಿ ಕಾಗದದ ಮೇಲೆ ಒತ್ತಿದ ಚಿತ್ರವನ್ನು, ಪರೀಕ್ಷೆಗೆ ತರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಇದು ನಿಜಕ್ಕೂ ಸೀಸರನ ಮುಖವೇ?’ ಎಂದು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ: ಈ ಹಾಳೆ ಯಾವ ಚಿತ್ರವನ್ನು ನೆನಪಿಟ್ಟುಕೊಂಡಿದೆ?

ಹದಿನೇಳನೆಯ ಶತಮಾನದ ಆರಂಭದ ಫ್ಲೆಮಿಶ್ ಕೆತ್ತನೆಗಾರ ಏಜಿಡಿಯಸ್ ಸಾಡೆಲರ್ ಕೆತ್ತಿದ ಜೂಲಿಯಸ್ ಸೀಸರನನ್ನೇ ನೋಡಿ. ಮೈಮೇಲೆ ಕವಚ, ತಲೆಗೆ ಲಾರೆಲ್ ಎಲೆಯ ಮಾಲೆ, ಕೆಳಗೆ ಲ್ಯಾಟಿನ್ ಪದ್ಯ. (ಬೋಳುತಲೆ ಮುಚ್ಚುವುದೆಂದೇ ಸೀಸರನಿಗೆ ಆ ಮಾಲೆಯ ಮೇಲೆ ಆಸೆಯಿತ್ತೆಂದು ರೋಮನ್ ಚರಿತ್ರಕಾರ ಸ್ಯುಟೋನಿಯಸ್ ಬರೆದಿದ್ದಾನೆ.) ಮೂಲ ಚಿತ್ರ ವೆನಿಸ್‌ನ ಚಿತ್ರಕಾರ ಟಿಷಿಯನ್ ಕುಂಚದ್ದು. ಇಟಲಿಯ ಮಾಂಟುವಾದ ಡ್ಯೂಕ್ ಫೆಡೆರಿಕೋ ಗೊಂಜಾಗನ ಅರಮನೆಗಾಗಿ ಅವನು 1536ರಿಂದ 1540ರ ನಡುವೆ ಹನ್ನೊಂದು ಸೀಸರ್‌ಗಳನ್ನು, ಅಂದರೆ ಜೂಲಿಯಸ್ ಸೀಸರ್ ಮತ್ತು ಅವನ ನಂತರದ ರೋಮನ್ ಚಕ್ರವರ್ತಿಗಳನ್ನು, ಬರೆದುಕೊಟ್ಟ. ಮುಂದೆ ಅವುಗಳನ್ನು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಕೊಂಡ. 1649ರಲ್ಲಿ ಅವನ ಶಿರಚ್ಛೇದವಾದ ಬಳಿಕ ಅವು ಮಾರಾಟವಾಗಿ ಸ್ಪೇನ್ ಸೇರಿದವು. 1734ರಲ್ಲಿ ಮ್ಯಾಡ್ರಿಡ್‌ನ ಅಲ್ಕಾಜಾರ್ ಅರಮನೆಗೆ ಬಿದ್ದ ಬೆಂಕಿಯಲ್ಲಿ ಒಂದೂ ಉಳಿಯಲಿಲ್ಲ. ಆ ಚಿತ್ರಗಳನ್ನು ಇಂದು ಕಾಣಬೇಕೆಂದರೆ ಬಣ್ಣದ ಕೆಲವು ನಕಲುಗಳು ಮತ್ತು ಸಾಡೆಲರನ ಮುದ್ರಣಗಳೇ ಗತಿ. ಪ್ರಾಗ್‌ನಲ್ಲಿ ನೆಲೆಸಿದ್ದ ಅವನೂ ನಕಲುಗಳನ್ನು ನೋಡಿಯೇ ಕೆತ್ತಿದನೆಂದು ವಿದ್ವಾಂಸರು ಭಾವಿಸುತ್ತಾರೆ. ಸೀಸರನಿಗೂ ನಮ್ಮ ಕೈಯಲ್ಲಿರುವ ಹಾಳೆಗೂ ನಡುವೆ ಎಷ್ಟು ಕೈಗಳು ಬಂದಿವೆ! ನನಗೆ ಈ ಹಾಳೆ ಪ್ರಿಯವಾಗಿರುವುದೂ ಅದಕ್ಕೇ.

ಇನ್ನು ಹಾಳೆ ಹಳೆಯದೇ ಎಂದು ತಿಳಿಯುವ ಬಗೆ. ಕೆತ್ತನೆಗಾರ ಚೂಪು ಉಳಿಯಿಂದ ತಾಮ್ರದಲ್ಲಿ ಗೆರೆ ತೋಡುತ್ತಾನೆ. ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಬಲವಾಗಿ ಒತ್ತುತ್ತಾರೆ. ಹಾಗಾಗಿ ಮಸಿ ಕಾಗದದ ಮೇಲೆ ತುಸು ಉಬ್ಬಿ ನಿಲ್ಲುತ್ತದೆ, ಚಿತ್ರದ ಸುತ್ತ ತಗಡಿನ ಅಂಚು ತಗ್ಗಾಗಿ ಮೂಡುತ್ತದೆ. ಪಕ್ಕದಿಂದ ಬೆಳಕು ಬಿಟ್ಟರೆ ಎರಡೂ ಕಾಣುತ್ತವೆ. ಭೂತಗನ್ನಡಿಯಲ್ಲಿ ಗೆರೆಗಳ ಬದಲು ಸಾಲುಸಾಲು ಚುಕ್ಕೆಗಳು ಕಂಡರೆ ಅದು ಫೋಟೊದಿಂದ ಮಾಡಿದ ಅಚ್ಚು; ಪರೀಕ್ಷೆ ಅಲ್ಲಿಗೇ ಮುಗಿಯಿತು.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ಸಾಡೆಲರನ ಕಾಲದ ಯುರೋಪಿನ ಕಾಗದದಲ್ಲಿ ಕಾಗದ ತಯಾರಿಸುವ ಅಚ್ಚಿನ ತಂತಿಗಳ ಗುರುತು ಒತ್ತೊತ್ತಾದ ಗೆರೆಗಳಾಗಿಯೂ, ಅವಕ್ಕೆ ಅಡ್ಡಲಾಗಿ ದೂರದೂರದ ಗೆರೆಗಳಾಗಿಯೂ ಕಾಣಬೇಕು. ತಂತಿಗೆರೆಯಿಲ್ಲದ ನಯವಾದ ಕಾಗದ ಯುರೋಪಿನಲ್ಲಿ ಬಳಕೆಗೆ ಬಂದದ್ದು 1750ರ ದಶಕದಲ್ಲಿ. ಆದರೆ ಹಳೆಯ ಕಾಗದವೊಂದೇ ಸಾಲದು. ತಗಡುಗಳು ಕೈಯಿಂದ ಕೈಗೆ ಮಾರಾಟವಾಗಿ ದಶಕಗಳ ಕಾಲ ಅಚ್ಚಾಗುತ್ತಿದ್ದವು. ಪ್ರತಿ ಒತ್ತಿಗೂ ತಾಮ್ರ ಸವೆಯುತ್ತದೆ. ಕವಚದ ಹೊಳಪಿನ ಅಂಚು, ಕೆನ್ನೆಯ ನೆರಳು, ಇಲ್ಲಿನ ನವಿರು ಗೆರೆಗಳೇ ಮೊದಲು ಮಾಯವಾಗುತ್ತವೆ. ಬೂದುಬಣ್ಣಕ್ಕೆ ತಿರುಗಿದ ಪ್ರತಿಗೂ ಕಪ್ಪು ಗಾಢವಾಗಿರುವ ಪ್ರತಿಗೂ ಬೆಲೆಯಲ್ಲಿ ಬಹಳ ಅಂತರ, ಅದು ನ್ಯಾಯವೂ ಹೌದು. ಸಾಡೆಲರನ ಮುದ್ರಣಕ್ಕೆ ಹೋಲಿಸಿದಾಗ ಸೀಸರ್ ಎಡಬಲ ತಿರುಗುಮುರುಗಾಗಿದ್ದರೆ ಬೇರೊಬ್ಬರು ಮುದ್ರಣವನ್ನೇ ನೋಡಿ ನಕಲು ಕೆತ್ತಿರುವ ಸಾಧ್ಯತೆ ಹೆಚ್ಚು.

ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆತ್ತಿದವನ, ಪ್ರಕಟಿಸಿದವನ ಹೆಸರುಗಳು ಇರುವುದು ಹೆಚ್ಚಾಗಿ ಆ ಕೆಳಅಂಚಿನಲ್ಲೇ. ಕಂದು ಕಲೆಗಳನ್ನು ಮನೆಯಲ್ಲಿ ಬ್ಲೀಚ್ ಹಾಕಿ ತೆಗೆಯಲೇಬೇಡಿ, ನಾರು ಸತ್ತುಹೋಗುತ್ತದೆ. ಅಂಟುಪಟ್ಟಿ ಬೇಡ, ಹಿಂದೆ ಆಮ್ಲರಹಿತ ರಟ್ಟು ಇಡಿಸಿ, ಗಾಜು ಚಿತ್ರಕ್ಕೆ ತಾಗದಂತೆ ಅಂತರ ಬಿಡಿಸಿ, ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿ.